ವಿದ್ಯಾರ್ಥಿ ಸಂಘದ ಬೈಲಾದಲ್ಲಿ ಅಧ್ಯಕ್ಷರ ಅರ್ಹತೆಯನ್ನು ಬರೆಯುವುದು ಹೇಗೆ?

ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಓದಲು ಹೋದ ನಮ್ಮ ಮಕ್ಕಳು ಒಂದೆರಡು ಸೆಮಿಸ್ಟರ್ ಕಳೆಯುವುದರೊಳಗೆ ಭಜನೆಗೋ, ವಚನ ಓದುವುದಕ್ಕೋ, ಜೈನ ಸ್ವಾಧ್ಯಾಯಕ್ಕೋ ಒಂದು ಗುಂಪು ಕಟ್ಟಿಕೊಳ್ಳುವುದುಂಟು. ಗುಂಪನ್ನು ವಿಶ್ವವಿದ್ಯಾಲಯದಲ್ಲಿ ನೋಂದಾಯಿಸಿದರೆ ಸಭೆಗೆ ಕೊಠಡಿ, ಹೊಸಬರು ಬರುವ ಹೊತ್ತಿನ ಸಂಘಗಳ ಮೇಳದಲ್ಲಿ ಒಂದು ಮೇಜು, ವಿದ್ಯಾರ್ಥಿ ಶುಲ್ಕದ ನಿಧಿಯಿಂದ ಒಂದಿಷ್ಟು ಹಣ ಸಿಗುತ್ತದೆ. ನೋಂದಣಿಗೆ ಬೈಲಾ ಬೇಕು. ಇಂಥ ಬೈಲಾಗಳನ್ನು ತಿದ್ದಿಕೊಡುವ ಕೆಲಸ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ನನ್ನ ಕೈಗೆ ಬಂದವುಗಳಲ್ಲಿ ಹೆಚ್ಚಿನವು ಎಡವಿದ್ದು ಒಂದೇ ಕಡೆ, ಪದಾಧಿಕಾರಿಗಳ ಅರ್ಹತೆಯನ್ನು ಹೇಳುವ ಕಲಮಿನಲ್ಲಿ.

ವಚನ ಅಧ್ಯಯನದ ಗುಂಪೊಂದು ತಂದ ಕರಡು ಈಗಲೂ ನನ್ನ ಬಳಿ ಇದೆ. ಅದರ ಎರಡನೆಯ ಪುಟದಲ್ಲಿ ‘ಅಧ್ಯಕ್ಷರು ಲಿಂಗಾಯತ ಕುಟುಂಬದವರಾಗಿರತಕ್ಕದ್ದು’ ಎಂದಿತ್ತು. ಐದನೆಯ ಪುಟದಲ್ಲಿ, ವಿಶ್ವವಿದ್ಯಾಲಯದ ನಮೂನೆಯಿಂದ ಹಾಗೆಯೇ ಎತ್ತಿ ಹಾಕಿದ ಸಾಲಿನಲ್ಲಿ, ‘ಸದಸ್ಯರನ್ನಾಗಲಿ ಪದಾಧಿಕಾರಿಗಳನ್ನಾಗಲಿ ಆರಿಸುವಾಗ ಧರ್ಮ, ಜನಾಂಗ, ವಂಶಮೂಲದ ಆಧಾರದಲ್ಲಿ ತಾರತಮ್ಯ ಮಾಡುವುದಿಲ್ಲ’ ಎಂದಿತ್ತು. ವಿದ್ಯಾರ್ಥಿ ವ್ಯವಹಾರಗಳ ಕಚೇರಿಯವರು ಎರಡೂ ಸಾಲುಗಳಿಗೆ ಹಳದಿ ಬಣ್ಣ ಬಳಿದು, ಯಾವುದನ್ನು ಪಾಲಿಸುತ್ತೀರಿ ಎಂಬ ಒಂದೇ ಪ್ರಶ್ನೆ ಬರೆದು ಅರ್ಜಿಯನ್ನು ಹಿಂದಿರುಗಿಸಿದ್ದರು. ಆ ಪ್ರಶ್ನೆ ಎದುರಾಗದಂತೆ ಬರೆಯುವ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಮೊದಲ ಹಂತ: ನಿಮ್ಮದು ಯಾವ ವಿಶ್ವವಿದ್ಯಾಲಯ, ಅಲ್ಲಿನ ನಿಯಮ ಯಾವ ಬಗೆಯದು ಎಂದು ತಿಳಿಯಿರಿ

ಸರ್ಕಾರಿ ವಿಶ್ವವಿದ್ಯಾಲಯವು ಅಮೆರಿಕ ಸಂವಿಧಾನದ ಮೊದಲ ತಿದ್ದುಪಡಿಗೆ, ಅಂದರೆ ವಾಕ್ ಸ್ವಾತಂತ್ರ್ಯವನ್ನೂ ಧರ್ಮ ಸ್ವಾತಂತ್ರ್ಯವನ್ನೂ ಕಾಯುವ ವಿಧಿಗೆ, ಒಳಪಟ್ಟಿರುತ್ತದೆ. ಇತರ ವಿದ್ಯಾರ್ಥಿ ಗುಂಪುಗಳಿಗೆ ಕೊಠಡಿ ಕೊಡುವ ಸರ್ಕಾರಿ ವಿಶ್ವವಿದ್ಯಾಲಯ, ಧಾರ್ಮಿಕ ಗುಂಪು ಎಂಬ ಕಾರಣಕ್ಕೆ ಯಾರನ್ನೂ ಹೊರಗಿಡುವಂತಿಲ್ಲವೆಂದು ಸುಪ್ರೀಂ ಕೋರ್ಟ್ 1981ರಲ್ಲಿ ಹೇಳಿತು. ಹಣದ ವಿಷಯದಲ್ಲೂ ಹಾಗೆಯೇ ಎಂದು 1995ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ತೀರ್ಮಾನವಾಯಿತು. ಖಾಸಗಿ ವಿಶ್ವವಿದ್ಯಾಲಯಕ್ಕೆ ಈ ಕಟ್ಟು ಇಲ್ಲ. ಟೆನೆಸ್ಸಿಯ ವಾಂಡರ್‌ಬಿಲ್ಟ್ 2012ರ ಸುಮಾರಿಗೆ, ಯಾವ ಸಂಘದ ಯಾವ ಹುದ್ದೆಗೂ ಯಾವ ವಿದ್ಯಾರ್ಥಿ ಬೇಕಾದರೂ ಸ್ಪರ್ಧಿಸಬಹುದೆಂಬ ನಿಯಮವನ್ನು ಬಿಗಿಯಾಗಿ ಜಾರಿಗೆ ತಂದಾಗ ಹಲವು ಕ್ರೈಸ್ತ ಗುಂಪುಗಳು ಮಾನ್ಯತೆಯನ್ನೇ ಬಿಟ್ಟು ಹೊರಬಂದವು. ಖಾಸಗಿ ಸಂಸ್ಥೆಯಲ್ಲಿ ಓದುತ್ತಿರುವವರು ಕೋರ್ಟಿನ ತೀರ್ಪುಗಳನ್ನು ಹಿಡಿದುಕೊಂಡು ಕಚೇರಿಗೆ ಹೋಗುವುದರಲ್ಲಿ ಅರ್ಥವಿಲ್ಲ. ಅಲ್ಲಿನ ಕೈಪಿಡಿಯೇ ಅವರ ಕಾನೂನು.

ನಿಯಮಗಳಲ್ಲಿ ಮುಖ್ಯವಾಗಿ ಮೂರು ಬಗೆ. ಧರ್ಮ, ಲಿಂಗ, ಜನಾಂಗ, ಲೈಂಗಿಕ ಒಲವು ಎಂದು ಪಟ್ಟಿ ಮಾಡಿ, ಇವುಗಳ ಆಧಾರದ ತಾರತಮ್ಯವನ್ನಷ್ಟೇ ನಿಷೇಧಿಸುವುದು ಒಂದು ಬಗೆ. ಕಾರಣ ಯಾವುದೇ ಇರಲಿ, ಬಂದವರಿಗೆಲ್ಲ ಸದಸ್ಯತ್ವವೂ ಹುದ್ದೆಯೂ ತೆರೆದಿರಬೇಕು ಎನ್ನುವುದು ಎರಡನೆಯದು. ಇದಕ್ಕೆ ಅಲ್ಲಿ ‘ಆಲ್ ಕಮರ್ಸ್’ ನಿಯಮ ಎನ್ನುತ್ತಾರೆ. ಸದಸ್ಯತ್ವ ಎಲ್ಲರಿಗೂ ತೆರೆದಿರಲಿ, ಆದರೆ ಧಾರ್ಮಿಕ ಗುಂಪು ತನ್ನ ನಾಯಕರಿಂದ ನಂಬಿಕೆಯನ್ನು ಅಪೇಕ್ಷಿಸಬಹುದು ಎಂಬ ವಿನಾಯಿತಿ ಇರುವುದು ಮೂರನೆಯದು. ಓಹಿಯೊ, ವರ್ಜೀನಿಯಾ, ಕ್ಯಾನ್ಸಸ್, ಅಯೋವಾ ಮೊದಲಾದ ರಾಜ್ಯಗಳು ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಈ ವಿನಾಯಿತಿಯನ್ನು ಶಾಸನದ ಮೂಲಕವೇ ಕಡ್ಡಾಯ ಮಾಡಿವೆ. ನಿಮ್ಮ ಕೈಪಿಡಿಯಲ್ಲಿರುವುದು ಯಾವ ಬಗೆ ಎಂಬುದನ್ನು ಅದರ ಮೂಲ ಪಠ್ಯದಲ್ಲೇ ಓದಿ ತಿಳಿಯಬೇಕು. ಹಿರಿಯ ವಿದ್ಯಾರ್ಥಿಗಳು ಬಾಯಿಮಾತಿನಲ್ಲಿ ಹೇಳಿದ್ದನ್ನು ನಂಬಿ ಕೆಟ್ಟವರು ಬಹಳ.

ಎರಡನೆಯ ಹಂತ: ಜನ, ಸಲಹೆಗಾರರು, ಹೆಸರು

ಕೈಪಿಡಿ ಕೇಳಿದಷ್ಟು ಸಹಿಗಳನ್ನೂ ಒಬ್ಬ ಅಧ್ಯಾಪಕ ಸಲಹೆಗಾರರನ್ನೂ ಹುಡುಕಿಕೊಳ್ಳಿ. ಇದು ಒಂದು ವಾರದ ಕೆಲಸ.

ಮೂರನೆಯ ಹಂತ: ಸದಸ್ಯತ್ವವನ್ನು ಎಲ್ಲರಿಗೂ ತೆರೆದಿಡಿ

ಇದರಲ್ಲಿ ಚೌಕಾಸಿ ಬೇಡ. ಕೇಳಲು, ಕಲಿಯಲು, ಊಟಕ್ಕೆ ಬಂದವರನ್ನು ನಂಬಿಕೆಯ ಪ್ರಶ್ನೆ ಕೇಳಿ ತಡೆಯುವ ಗುಂಪು ಒಂದೇ ವರ್ಷದಲ್ಲಿ ಆರು ಜನರಿಗೆ ಇಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಕೊಠಡಿಯ ಖರ್ಚು ಎಲ್ಲ ವಿದ್ಯಾರ್ಥಿಗಳೂ ಕಟ್ಟುವ ಶುಲ್ಕದಿಂದ ಬರುತ್ತದೆ. ತನ್ನ ಹಣದಲ್ಲಿ ನಡೆಯುವ ಸಭೆಯ ಬಾಗಿಲು ತನಗೆ ಮುಚ್ಚಿದೆ ಎಂದು ದೂರುವ ವಿದ್ಯಾರ್ಥಿಯ ಮಾತಿನಲ್ಲಿ ನ್ಯಾಯವಿದೆ. ತಾರತಮ್ಯ ನಿಷೇಧದ ನಿಯಮಗಳ ಹಿಂದಿರುವುದು ಇದೇ ದೂರು ಎಂಬುದನ್ನು ಬೈಲಾ ಬರೆಯುವವರು ಮರೆಯಬಾರದು.

ನಾಲ್ಕನೆಯ ಹಂತ: ನಾಯಕರ ಅರ್ಹತೆ

ಇಲ್ಲಿ ನಿಧಾನಿಸಬೇಕು. ಮೊದಲು ಒಂದು ಹಾಳೆಯಲ್ಲಿ ಪ್ರತಿ ಪದಾಧಿಕಾರಿಯೂ ವಾರದಲ್ಲಿ ಏನೇನು ಮಾಡುತ್ತಾರೆ ಎಂದು ಬರೆಯಿರಿ. ಆ ವಚನ ಗುಂಪಿನವರನ್ನು ಹಾಗೆ ಬರೆಯಲು ಕೂರಿಸಿದಾಗ ಸಿಕ್ಕಿದ್ದು ಇಷ್ಟು: ಅಧ್ಯಕ್ಷರು ಬುಧವಾರ ಸಂಜೆ ಸಾಮೂಹಿಕ ಇಷ್ಟಲಿಂಗ ಪೂಜೆ ನಡೆಸಿಕೊಟ್ಟು ಒಂದು ವಚನಕ್ಕೆ ಅರ್ಥ ಹೇಳುತ್ತಾರೆ; ಕಾರ್ಯದರ್ಶಿ ಕೊಠಡಿ ಕಾಯ್ದಿರಿಸುತ್ತಾರೆ; ಖಜಾಂಚಿ ಲೆಕ್ಕ ಇಡುತ್ತಾರೆ. ನಂಬಿಕೆಯ ಅಗತ್ಯವಿರುವುದು ಮೊದಲನೆಯ ಹುದ್ದೆಗೆ ಮಾತ್ರ. ಎಲ್ಲ ಹುದ್ದೆಗಳಿಗೂ ಒಂದೇ ಷರತ್ತು ಹಾಕಿದರೆ, ಲೆಕ್ಕ ಬರೆಯುವುದಕ್ಕೂ ಲಿಂಗಪೂಜೆಗೂ ಏನು ಸಂಬಂಧ ಎಂಬ ಪ್ರಶ್ನೆಗೆ ಉತ್ತರ ಇರುವುದಿಲ್ಲ.

ಅನಂತರ, ಹುಟ್ಟನ್ನು ಸೂಚಿಸುವ ಪ್ರತಿಯೊಂದು ಪದವನ್ನೂ ಹೊಡೆದುಹಾಕಿ. ‘ಕುಟುಂಬದವರು’, ‘ಸಮುದಾಯದವರು’, ‘ಮನೆತನದವರು’ ಎಂಬ ಪದಗಳು ನಮ್ಮ ಬಾಯಿಗೆ ಸಹಜವಾಗಿ ಬರುತ್ತವೆ. ಅಲ್ಲಿ ಅವು ವಂಶಮೂಲದ ತಾರತಮ್ಯವಾಗುತ್ತವೆ. ಬ್ರಾಂಡೈಸ್ ವಿಶ್ವವಿದ್ಯಾಲಯ 2019ರಲ್ಲಿ, ಕ್ಯಾಲಿಫೋರ್ನಿಯಾ ಸ್ಟೇಟ್ ವಿಶ್ವವಿದ್ಯಾಲಯ ವ್ಯವಸ್ಥೆ 2022ರಲ್ಲಿ ಜಾತಿಯನ್ನೂ ತಮ್ಮ ತಾರತಮ್ಯ ನಿಷೇಧದ ನಿಯಮಕ್ಕೆ ಸೇರಿಸಿವೆಯಾದ್ದರಿಂದ, ಅಂಥ ಕಡೆ ಜಾತಿಯ ವಾಸನೆ ಇರುವ ಕಲಮು ಎರಡು ರೀತಿಯಲ್ಲಿ ಸೋಲುತ್ತದೆ. ಹುಟ್ಟನ್ನು ಕೇಳದೆ ದೀಕ್ಷೆಯನ್ನು ಕೇಳಿದ ಪರಂಪರೆಯ ಹೆಸರಿನಲ್ಲಿ ಕಟ್ಟಿದ ಗುಂಪೇ ಹುಟ್ಟಿನ ಷರತ್ತು ಬರೆದುಕೊಂಡು ಬಂದದ್ದು ನನಗೆ ಆ ದಿನ ಸ್ವಲ್ಪ ಮುಜುಗರ ತಂದಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ. ತಿದ್ದಿದ ಮೇಲೆ ಆ ಕಲಮು ಹೀಗಾಯಿತು: ‘ಅಧ್ಯಕ್ಷರು ವಾರದ ಇಷ್ಟಲಿಂಗ ಪೂಜೆಯನ್ನೂ ವಚನ ನಿರ್ವಚನವನ್ನೂ ನಡೆಸಿಕೊಡುವವರಾದ್ದರಿಂದ, ಅನುಬಂಧದಲ್ಲಿರುವ ನಂಬಿಕೆಯ ಹೇಳಿಕೆಯನ್ನು ಒಪ್ಪಿ ಸಹಿ ಮಾಡಿದವರಾಗಿರಬೇಕು.’ ಈ ಸಾಲಿನ ಪ್ರಕಾರ ಯಾವ ಮನೆಯಲ್ಲಿ ಹುಟ್ಟಿದವರಾದರೂ ನಂಬಿಕೆಯಿದ್ದರೆ ಅಧ್ಯಕ್ಷರಾಗಬಹುದು. ಲಿಂಗಾಯತ ಮನೆಯಲ್ಲೇ ಹುಟ್ಟಿದ್ದರೂ ನಂಬಿಕೆಯಿಲ್ಲದವರು ಆಗಲಾರರು.

ಇಷ್ಟರಿಂದ ಎಲ್ಲೆಡೆಯೂ ಕೆಲಸವಾಗುತ್ತದೆ ಎಂದು ತಿಳಿಯಬೇಡಿ. ಸ್ಯಾನ್ ಫ್ರಾನ್ಸಿಸ್ಕೊದ ಹೇಸ್ಟಿಂಗ್ಸ್ ಕಾನೂನು ಕಾಲೇಜಿನಲ್ಲಿ ಕ್ರಿಶ್ಚಿಯನ್ ಲೀಗಲ್ ಸೊಸೈಟಿಯ ಶಾಖೆ, ಸದಸ್ಯರೂ ಪದಾಧಿಕಾರಿಗಳೂ ನಂಬಿಕೆಯ ಹೇಳಿಕೆಗೆ ಸಹಿ ಮಾಡಬೇಕೆಂದು ಬರೆದಿತ್ತು. ವಿವಾಹದ ಹೊರಗಿನ ಲೈಂಗಿಕ ಸಂಬಂಧ ಸಲ್ಲದೆಂಬ ನಂಬಿಕೆಯೂ ಅದರಲ್ಲಿ ಸೇರಿದ್ದರಿಂದ ಸಲಿಂಗ ಸಂಬಂಧದಲ್ಲಿದ್ದವರಿಗೆ ಅವಕಾಶವಿರಲಿಲ್ಲ. ‘ಆಲ್ ಕಮರ್ಸ್’ ನಿಯಮವಿದ್ದ ಕಾಲೇಜು ಮಾನ್ಯತೆ ನಿರಾಕರಿಸಿತು. 2010ರಲ್ಲಿ ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕು ಮತಗಳಿಂದ ಕಾಲೇಜಿನ ಪರವಾಗಿ ತೀರ್ಪಿತ್ತಿತು. ಬಹುಮತದ ತೀರ್ಪನ್ನು ಬರೆದ ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್, ನಿಯಮ ಎಲ್ಲ ಸಂಘಗಳಿಗೂ ಒಂದೇ ಆಗಿರುವುದರಿಂದ ಅದು ಯಾವ ದೃಷ್ಟಿಕೋನಕ್ಕೂ ವಿರುದ್ಧವಲ್ಲ ಎಂದರು. ನಾವು ನಡತೆಯನ್ನಷ್ಟೇ ನಿಷೇಧಿಸಿದ್ದೇವೆ, ವ್ಯಕ್ತಿಯನ್ನಲ್ಲ ಎಂಬ ಸೊಸೈಟಿಯ ವಾದವನ್ನೂ ಬಹುಮತ ಒಪ್ಪಲಿಲ್ಲ. ಎಲ್ಲರಿಗೂ ತೆರೆದಿರಬೇಕೆಂಬ ನಿಯಮವನ್ನು ನಿಜಕ್ಕೂ ಎಲ್ಲ ಸಂಘಗಳಿಗೂ ಅನ್ವಯಿಸುವ ಕಡೆ ಓದುತ್ತಿದ್ದರೆ, ನಂಬಿಕೆಯ ಷರತ್ತನ್ನು ಬಿಟ್ಟು, ಸದಸ್ಯರ ಮತದಾನವನ್ನೇ ನೆಚ್ಚಿಕೊಳ್ಳುವುದು ಉಚಿತ: ಯಾರು ಬೇಕಾದರೂ ಸ್ಪರ್ಧಿಸಲಿ, ಯಾರಿಗೆ ಪೂಜೆ ನಡೆಸಲು ಬರುತ್ತದೆಂದು ಸದಸ್ಯರು ತೀರ್ಮಾನಿಸಲಿ.

ಅಯೋವಾ ವಿಶ್ವವಿದ್ಯಾಲಯದ ಕಥೆ ಬೇರೆ. ಅಲ್ಲಿನ ‘ಬಿಸಿನೆಸ್ ಲೀಡರ್ಸ್ ಇನ್ ಕ್ರೈಸ್ಟ್’ ಎಂಬ ಗುಂಪು, ಲೈಂಗಿಕತೆಯ ಬಗ್ಗೆ ತನ್ನ ನಂಬಿಕೆಯನ್ನು ಒಪ್ಪದ ಸಲಿಂಗಿ ವಿದ್ಯಾರ್ಥಿಗೆ ನಾಯಕತ್ವ ನಿರಾಕರಿಸಿತು. ವಿದ್ಯಾರ್ಥಿ ದೂರು ಕೊಟ್ಟ ಮೇಲೆ ವಿಶ್ವವಿದ್ಯಾಲಯ 2017ರಲ್ಲಿ ಗುಂಪಿನ ನೋಂದಣಿ ರದ್ದು ಮಾಡಿತು. ಆದರೆ ಅದೇ ವಿಶ್ವವಿದ್ಯಾಲಯದಲ್ಲಿ ಲಿಂಗದ ಆಧಾರದಲ್ಲೋ, ಜನಾಂಗದ ಆಧಾರದಲ್ಲೋ, ಬೇರೆ ನಂಬಿಕೆಯ ಆಧಾರದಲ್ಲೋ ಸದಸ್ಯರನ್ನು ಅಥವಾ ನಾಯಕರನ್ನು ಆರಿಸುತ್ತಿದ್ದ ಸಂಘಗಳು ನೋಂದಣಿ ಉಳಿಸಿಕೊಂಡಿದ್ದವು. ಮೊಕದ್ದಮೆ ನಡೆಯುತ್ತಿರುವಾಗ ವಿಶ್ವವಿದ್ಯಾಲಯ ಎಲ್ಲ ಸಂಘಗಳ ಬೈಲಾಗಳನ್ನು ಪರಿಶೀಲಿಸಲು ಹೊರಟು, ನಂಬಿಕೆಯ ಷರತ್ತಿದ್ದ ಇನ್ನಷ್ಟು ಧಾರ್ಮಿಕ ಗುಂಪುಗಳನ್ನು ಕೈಬಿಟ್ಟಿತು. ಸಿಖ್ಖರ ಗುಂಪೊಂದೂ ಅವುಗಳಲ್ಲಿ ಸೇರಿತ್ತು. ಅಯೋವಾ ಸೇರಿರುವ ಎಂಟನೆಯ ವಲಯದ ಫೆಡರಲ್ ಮೇಲ್ಮನವಿ ನ್ಯಾಯಾಲಯ 2021ರಲ್ಲಿ, ನಿಯಮವನ್ನು ಕೆಲವರಿಗೆ ಸಡಿಲಿಸಿ ಕೆಲವರಿಗೆ ಬಿಗಿಗೊಳಿಸಿದ್ದು ವಾಕ್ ಸ್ವಾತಂತ್ರ್ಯದ ಉಲ್ಲಂಘನೆ ಎಂದು ಹೇಳಿದ್ದಲ್ಲದೆ, ಅಧಿಕಾರಿಗಳು ವೈಯಕ್ತಿಕ ಹೊಣೆಯಿಂದ ತಪ್ಪಿಸಿಕೊಳ್ಳಲಾಗದು ಎಂದೂ ತೀರ್ಮಾನಿಸಿತು.

ಎರಡು ತೀರ್ಪುಗಳನ್ನು ಪಕ್ಕಪಕ್ಕದಲ್ಲಿಟ್ಟರೆ ತಕ್ಕಡಿ ಎಲ್ಲಿದೆ ಎಂದು ಕಾಣುತ್ತದೆ: ನಿಯಮ ಎಷ್ಟು ಕಠಿಣ ಎಂಬುದಕ್ಕಿಂತ, ಅದು ಎಲ್ಲರಿಗೂ ಒಂದೇ ಆಗಿದೆಯೇ ಎಂಬುದನ್ನು ನ್ಯಾಯಾಲಯಗಳು ಗಮನಿಸುತ್ತವೆ. ನನ್ನ ಮಟ್ಟಿಗೆ ಅದೇ ತಕ್ಕಡಿ ಗುಂಪಿಗೂ ಸಲ್ಲುತ್ತದೆ. ನಾಯಕರು ಮದ್ಯ ಮುಟ್ಟಬಾರದು ಎಂದು ಬರೆದು, ಶನಿವಾರದ ಪಾರ್ಟಿಯಲ್ಲಿ ಬಿಯರ್ ಹಿಡಿದ ಅಧ್ಯಕ್ಷರ ಬಗ್ಗೆ ಸುಮ್ಮನಿದ್ದು, ಸಲಿಂಗಿ ಅಭ್ಯರ್ಥಿ ಬಂದ ದಿನ ಮಾತ್ರ ನಡತೆಯ ಪುಟ ತೆರೆಯುವ ಗುಂಪಿನ ಪರವಾಗಿ ನಾನಂತೂ ಒಂದು ಸಾಲೂ ಬರೆದುಕೊಡುವುದಿಲ್ಲ. ಪಾಲಿಸಲಾಗದ ಷರತ್ತನ್ನು ಬರೆಯಲೇಬೇಡಿ.

ಸುಲಭದ ದಾರಿಗಳ ಬಗ್ಗೆ ಒಂದು ಮಾತು. ಅಂತರ್ಜಾಲದಲ್ಲಿ ಸಿಗುವ ಸಿದ್ಧ ಬೈಲಾಗಳು ಹೆಚ್ಚಾಗಿ ಲಾಭರಹಿತ ಕಂಪನಿಗಳಿಗಾಗಿ ಬರೆದವು. ಅವುಗಳಲ್ಲಿ ನಿರ್ದೇಶಕ ಮಂಡಳಿ ಎಂದೆಲ್ಲ ಇರುತ್ತದೆ. ಚಾಟ್‌ಬಾಟ್‌ನಿಂದ ಬರೆಸಿಕೊಂಡು ಬಂದ ಮೂರು ಬೈಲಾಗಳನ್ನು ನೋಡಿದ್ದೇನೆ; ಮೂರರಲ್ಲೂ ಆ ಎರಡನೆಯ ಪುಟ, ಐದನೆಯ ಪುಟಗಳ ಜಗಳ ಹಾಗೆಯೇ ಇತ್ತು, ಭಾಷೆ ಮಾತ್ರ ನಯವಾಗಿತ್ತು. ಬೇರೆ ರಾಜ್ಯದ ಗೆಳೆಯರ ಬೈಲಾವನ್ನು ನಕಲು ಮಾಡುವುದು ಇನ್ನೂ ಕೆಟ್ಟದ್ದು, ಏಕೆಂದರೆ ಅವರ ನಿಯಮದ ಬಗೆ ಬೇರೆ ಇರಬಹುದು.

ಐದನೆಯ ಹಂತ: ಆಯ್ಕೆಯ ವಿಧಾನ

ಎಲ್ಲ ಅಭ್ಯರ್ಥಿಗಳಿಗೂ ಅದೇ ಪ್ರಶ್ನೆಗಳನ್ನು ಲಿಖಿತವಾಗಿ ಕೇಳಿ, ಉತ್ತರಗಳನ್ನು ಇಟ್ಟುಕೊಳ್ಳಿ. ನಿರಾಕರಿಸಬೇಕಾಗಿ ಬಂದರೆ ಕಾರಣವನ್ನು ಬೈಲಾದ ಪದಗಳಲ್ಲೇ ಬರೆಯಿರಿ. ವಾಟ್ಸ್ಆ್ಯಪ್ ಗುಂಪಿನಲ್ಲಿ ಅಭ್ಯರ್ಥಿಯ ಖಾಸಗಿ ಬದುಕನ್ನು ಚರ್ಚಿಸುವುದು ಹೀನ ಕೆಲಸ, ದೂರು ದಾಖಲಾದಾಗ ಆ ಸಂದೇಶಗಳೇ ಮೊದಲು ಹೊರಬರುತ್ತವೆ.

ಆರನೆಯ ಹಂತ: ಸಲ್ಲಿಕೆ, ತಿರಸ್ಕಾರ, ಮರುಸಲ್ಲಿಕೆ

ಇಮೇಲ್ ಮೂಲಕವೇ ಸಲ್ಲಿಸಿ. ತಿರಸ್ಕರಿಸಿದರೆ ಯಾವ ನಿಯಮದ ಯಾವ ಕಲಮಿನಡಿ ಎಂದು ಲಿಖಿತವಾಗಿ ಕೇಳಿ, ಬೇರೆ ಸಂಘಗಳ ಪ್ರಕಟಿತ ಬೈಲಾಗಳಲ್ಲಿ ಅಂಥದೇ ಷರತ್ತುಗಳಿವೆಯೇ ಎಂದು ಹುಡುಕಿಡಿ. ವಕೀಲರ ನೋಟಿಸು ಕಳಿಸಲು ಅವಸರಿಸಬೇಡಿ. 2014ರಲ್ಲಿ ಕ್ಯಾಲಿಫೋರ್ನಿಯಾ ಸ್ಟೇಟ್ ವಿಶ್ವವಿದ್ಯಾಲಯ ವ್ಯವಸ್ಥೆಯಲ್ಲಿ ಮಾನ್ಯತೆ ಕಳೆದುಕೊಂಡಿದ್ದ ಇಂಟರ್‌ವಾರ್ಸಿಟಿ ಎಂಬ ಕ್ರೈಸ್ತ ವಿದ್ಯಾರ್ಥಿ ಸಂಘಟನೆ, ಮರುವರ್ಷ ಮಾತುಕತೆಯ ಮೂಲಕವೇ ಅದನ್ನು ಮರಳಿ ಪಡೆಯಿತು.

ಒಪ್ಪಿಗೆ ಪತ್ರವನ್ನೂ ಅಂತಿಮ ಬೈಲಾವನ್ನೂ ಗುಂಪಿನ ಖಾತೆಯಲ್ಲಿ ದಿನಾಂಕ ಹಾಕಿ ಇಡಿ, ಒಬ್ಬರ ಲ್ಯಾಪ್‌ಟಾಪಿನಲ್ಲಲ್ಲ. ಮೇ ತಿಂಗಳಲ್ಲಿ ಪದವಿ ಮುಗಿಸಿ ಊರು ಬಿಡುವ ಕಾರ್ಯದರ್ಶಿಯ ಜೊತೆ ಆ ಲ್ಯಾಪ್‌ಟಾಪೂ ಹೋಗುತ್ತದೆ.