ಖಾಲಿ ಮನೆಯ ಕರೆಂಟ್ ಬಿಲ್ಲು: ಮೇಸ್ತ್ರಿಗೊಂದು ಸಬ್ ಮೀಟರ್ ಕೊಟ್ಟ ಲೆಕ್ಕ

ರಿಪೇರಿಗೆ ಬಿಟ್ಟ ಬಾಡಿಗೆ ಮನೆಯಲ್ಲಿ ಕೆಲಸದವರು ಉರಿಸೋ ಕರೆಂಟ್ ಅಳೆಯೋಕೆ ಬೇರೆ ಸಬ್ ಮೀಟರ್ ಹಾಕ್ತೀನಿ ಅಂದಾಗ ದಾವಣಗೆರೆಯ ನನ್ನ ಗೆಳೆಯರೆಲ್ಲ ನಕ್ಕಿದ್ದರು. ಎಲ್ಲರೂ ಮನೆ ಬಾಡಿಗೆಗೆ ಕೊಟ್ಟು ಪಳಗಿದವರೇ. "ಮೇಸ್ತ್ರಿ ಬಾಂಡ್ಲಿ ಅಲ್ಲೇ ಬಿಟ್ಟು ಹೋಗ್ತಾನೆ ನೋಡು" ಅಂದರು. ಹೋಗಲಿಲ್ಲ. ನಿಟ್ಟುವಳ್ಳಿ ಮನೆ ಮುಗಿಸಿ, ವಿನೋಬನಗರದ್ದನ್ನೂ ಅವನೇ ಕೇಳಿ ಹಿಡಿದ.

ಬಾಡಿಗೆಯವರು ಖಾಲಿ ಮಾಡಿ ಉಚಿತ ಕರೆಂಟಿನ ಗೃಹಜ್ಯೋತಿ ಲಿಂಕ್ ತೆಗೆಸಿದ ಮೇಲೆ ಬಿಲ್ಲು ಪೂರ್ತಿ ನಮ್ಮ ತಲೆಗೇ. 3 ಕಿಲೋವ್ಯಾಟ್ ಮನೆಗೆ ಒಂದು ಬಲ್ಬ್ ಉರಿಸದಿದ್ದರೂ ನಿಗದಿತ ಶುಲ್ಕವೇ 400 ಚಿಲ್ಲರೆ. ಲೋಡ್, ಅಂದ್ರೆ ಮನೆಗೆ ಮಂಜೂರಾದ ಆ 3 ಕಿಲೋವ್ಯಾಟ್, ಇಳಿಸು ಅಂತ ಒಬ್ಬರ ಸಲಹೆ. ತಿಂಗಳಿಗೆ 300 ಹತ್ತಿರ ಉಳಿಯುತ್ತೆ ನಿಜ, ಆದರೆ ಮತ್ತೆ ಏರಿಸುವಾಗ ಅರ್ಜಿ, ಡೆಪಾಸಿಟ್, ಓಡಾಟ. ಮೂರ್ನಾಲ್ಕು ತಿಂಗಳ ಕೆಲಸಕ್ಕೆ ಅದು ದಂಡ.

ಮೊದಲ ತಿಂಗಳು 300 ಯೂನಿಟ್ ಮೇಲೆ ಓಡಿತ್ತು, ಬಿಲ್ಲು 2,400 ಆಸುಪಾಸು. ಸಂಜೆ ಮೇನ್ ಆಫ್ ಮಾಡಿ ಬೀಗ ಹಾಕಿ ನೋಡಿದೆ. ಹುಡುಗರು ಪಕ್ಕದ ಮನೆಯಿಂದ ವೈರ್ ಎಳೆದು, ಆ ಜಗಳ ಬಿಡಿಸೋದೇ ಒಂದು ಕೆಲಸವಾಯ್ತು. ಕರೆಂಟ್ ನಿನ್ನದೇ ಅಂತ ಗುತ್ತಿಗೆಗೆ ಸೇರಿಸಲು ಹೋದರೆ ಮೇಸ್ತ್ರಿ ರೇಟಿಗೆ 8,000 ಏರಿಸಿದ. ಬಾಡಿಗೆ ಜನರೇಟರ್ ಬಗ್ಗೆ ಕೇಳಲೇಬೇಡಿ, ಡೀಸೆಲ್ ಲೆಕ್ಕದಲ್ಲಿ ಯೂನಿಟ್‌ಗೆ 30 ರೂಪಾಯಿ ಬಿತ್ತು.

ಆಮೇಲೆ ಮಾಡಿದ್ದು ಇಷ್ಟೇ. ಹಳೇ ವೈರಿಂಗ್ ಪೂರ್ತಿ ಮೇನ್‌ನಿಂದ ಬಿಡಿಸಿ, ಬಾಗಿಲ ಹತ್ತಿರ ಒಂದೇ ಬೋರ್ಡ್: ಎಂಸಿಬಿ (ಲೋಡ್ ಮೀರಿದರೆ ತಾನೇ ಬೀಳೋ ಸ್ವಿಚ್ಚು), ಆರ್‌ಸಿಸಿಬಿ (ಕರೆಂಟು ಸೋರಿದರೆ ಬೀಳೋದು), ಎರಡು ಪ್ಲಗ್, ಸಬ್ ಮೀಟರ್. ಸಬ್ ಮೀಟರ್‌ಗೆ 900 ಕೊಟ್ಟ ನೆನಪು. ತಿಂಗಳಿಗೆ ಇಂತಿಷ್ಟು ಯೂನಿಟ್ ಅಂತ ಮಾತು. ಉಳಿಸಿದರೆ ಯೂನಿಟ್‌ಗೆ 6 ರೂಪಾಯಿ ಹುಡುಗರ ಕೈಗೆ, ಮೀರಿದರೆ ಮೇಸ್ತ್ರಿ ಬಟವಾಡೆಯಲ್ಲಿ ಕಟ್. ಆ 'ಇಂತಿಷ್ಟು' ಹೇಗೆ ಕಟ್ಟಿದೆ ಅಂತ ಬರೆಯಲ್ಲ, ಇದನ್ನ ಮೇಸ್ತ್ರಿಗಳೂ ಓದ್ತಾರೆ.

ಹಳೇ ವೈರಿಂಗ್ ಬಿಡಿಸುವ ಮುಂಚೆ ಒಂದು ತಮಾಷೆ ಕಂಡಿತು. ಮನೆಯ ಸ್ವಿಚ್ಚೆಲ್ಲ ಆಫ್, ಆದರೂ ಮೀಟರಿನ ಕೆಂಪು ಲೈಟು ನಿಧಾನಕ್ಕೆ ಮಿಣುಕ್ತಿತ್ತು. ಫ್ಯೂಸ್ ಒಂದೊಂದೇ ಕಿತ್ತು ನೋಡಿದರೆ ಬಚ್ಚಲ ಗೋಡೆಯ ಗೀಜರ್ ಪಾಯಿಂಟ್. ಗೋಡೆ ಹಸಿ, ವೈರಿನ ಸಿಪ್ಪೆ ಪುಡಿ, ಕರೆಂಟು ಹಗಲೂ ರಾತ್ರಿ ಗೋಡೆಗೆ ಇಳೀತಿತ್ತು. ಆ ಬಚ್ಚಲಲ್ಲಿ ಸಂಸಾರ ಇತ್ತು ಅಂತ ನೆನೆದರೆ ಈಗಲೂ ಮೈ ಜುಂ ಅನ್ನುತ್ತೆ.

ಟೈಲ್ಸ್ ಕಟರ್, ಗ್ರೈಂಡರ್ ಕರೆಂಟ್ ತಿನ್ನುತ್ತೆ ಅಂತ ಎಲ್ಲರ ನಂಬಿಕೆ. ಸದ್ದು ಜಾಸ್ತಿ, ಓಡೋದು ನಿಮಿಷಗಳ ಲೆಕ್ಕ. ನಿಜವಾದ ಹೊಟ್ಟೆಬಾಕರು ನೀರೆತ್ತೋ ಮೋಟ್ರು ಮತ್ತು ನೀರು ಕಾಯಿಸೋ 1,500 ವ್ಯಾಟಿನ ರಾಡು. ಕ್ಯೂರಿಂಗ್‌ಗೆ, ಅಂದ್ರೆ ಹೊಸ ಪ್ಲಾಸ್ಟರ್ ಒಣಗಿ ಬಿರಿಯದ ಹಾಗೆ ನೆನೆಸೋಕೆ, ದಿನಕ್ಕೆ ಮೂರು ಸಲ ಪೈಪ್ ಹಿಡೀತಿದ್ದರು. ಎಪಿಎಂಸಿ ಯಾರ್ಡಿನಿಂದ ಹಳೇ ಗೋಣಿಚೀಲ ತಂದು ಪ್ಲಾಸ್ಟರ್ ಮೇಲೆ ಇಳಿಬಿಟ್ಟೆ. ಒಮ್ಮೆ ನೆನೆಸಿದರೆ ನಮ್ಮೂರ ಬಿಸಿಲಲ್ಲೂ ಸಂಜೆವರೆಗೆ ತಂಪು, ಮೋಟ್ರು ಓಡೋದು ಅರ್ಧಕ್ಕರ್ಧ ಇಳೀತು. ಪ್ಲಂಬಿಂಗ್ ಮೊದಲು ಮುಗಿಸಿದ್ದೂ ಅದಕ್ಕೇ. ಸೋರುವ ಫ್ಲಶ್ ಟ್ಯಾಂಕಿಗೆ ನೀರೆತ್ತೋದು ಯಾವ ಲೆಕ್ಕ?

ಟೈಲ್ಸ್ ಹುಡುಗರು ಹೊರರಾಜ್ಯದವರು, ಅಲ್ಲೇ ಮಲಗಿ ಇಂಡಕ್ಷನ್ ಒಲೆಯಲ್ಲಿ ಅನ್ನ ಬೇಯಿಸ್ತಿದ್ದರು. ಅದನ್ನ ತಪ್ಪಿಸಲು 5 ಕೆಜಿ ಸಿಲಿಂಡರ್ ಕೊಡಿಸಿ ನೋಡಿದೆ. ಲೆಕ್ಕ ಹಾಕಿದರೆ ಗ್ಯಾಸೇ ತುಟ್ಟಿ, ಇಂಡಕ್ಷನ್ ವಾಪಸ್. ರಾಡು ಮಾತ್ರ ಕಿತ್ತುಕೊಂಡೆ. ಟೆರೇಸ್ ಮೇಲಿನ ಕರಿ ಸಿಂಟೆಕ್ಸ್ ನೀರು ಸಂಜೆ ಐದಕ್ಕೆ ಹಬೆಯಾಡದಿದ್ದರೂ ಮೈಗೆ ಹಿತವಾಗಿರುತ್ತೆ. ಬೆಳಗಿನ ಸ್ನಾನ ಸಂಜೆಗೆ ಹೋಯ್ತು, ಅಷ್ಟೇ. ಸೋಲಾರ್ ಲೈಟು ತಂದದ್ದು ದಂಡ, ಮೊದಲ ವಾರದಲ್ಲೇ ಮಾಯ. 500 ವ್ಯಾಟಿನ ಹ್ಯಾಲೊಜನ್ ತೆಗೆದು 50ರ ಎಲ್‌ಇಡಿ ಫೋಕಸ್ ಕಟ್ಟಿದ್ದು ಚೆನ್ನಾಗಿ ನಡೀತು.

ಎರಡನೇ ತಿಂಗಳು 110-120 ಯೂನಿಟ್, ಮೂರನೇದು 90ರ ಆಸುಪಾಸು, ಬಿಲ್ಲು ಸಾವಿರದ ಅಂಚಿಗೆ. ಹುಡುಗರಿಗೆ ಇನ್ನೂರು ಚಿಲ್ಲರೆ ಕೊಟ್ಟೆ, ಬೆಣ್ಣೆದೋಸೆಗಾಯ್ತು ಅಂದರು. ಒಬ್ಬನಂತೂ ಮೀಟರ್ ರೀಡಿಂಗ್ ಗೋಡೆ ಮೇಲೆ ಪೆನ್ಸಿಲಲ್ಲಿ ದಿನಾ ಬರೆದಿಡ್ತಿದ್ದ, ಮೇಸ್ತ್ರಿ ಸುಳ್ಳು ಹೇಳಬಾರದು ಅಂತ. ನಕ್ಕಿದ್ದ ಗೆಳೆಯರಲ್ಲಿ ಇಬ್ಬರು ಈಗ ಆ ಬೋರ್ಡನ್ನೇ ಎರವಲು ಕೇಳ್ತಿದ್ದಾರೆ. ಸದ್ಯಕ್ಕೆ ಕೊಡೋಕಾಗಲ್ಲ, ಮಳೆಗಾಲ ಕಳೀತಿದ್ದಂಗೆ ವಿನೋಬನಗರದ ಮಹಡಿ ಕೆಲಸ ಶುರು.