ಸ್ಕೀ ಕೊಳ್ಳೋ ಮೊದಲು ಕಾಟಾ ಹತ್ತಿ

ತಂಗಿ ಮಗಳು ಓದೋಕೆ ಓಸ್ಲೋಗೆ ಹೊರಟಿದ್ದಾಳೆ. "ದೊಡ್ಡಮ್ಮ, ಸ್ಕೀ ತಗೊಂಡ್ರೆ ಲೇಡೀಸ್ ಮಾಡೆಲ್ಲೇ ತಗೋಬೇಕಾ?" ಅಂತ ಕೇಳಿದಳು. ಅಲ್ಲಿ ಕೆಲಸದಲ್ಲಿದ್ದಾಗ ನಾನು ಸ್ಕೀ ಕಲಿತವಳು, ಹಾಗಾಗಿ ಮನೆಯಲ್ಲಿ ಈ ವಿಷಯಕ್ಕೆ ನಾನೇ ಪಂಡಿತೆ. ತೋಟದಲ್ಲಿ ಕಾಫಿ ಮೂಟೆ ತೂಗೋ ಕಾಟಾ ಮೇಲೆ ಅವಳನ್ನ ನಿಲ್ಲಿಸಿದೆ, ದಪ್ಪ ಜಾಕೆಟ್ಟು, ಬೆನ್ನಿನ ಬ್ಯಾಗು ಸಮೇತ. 52 ಕೆ.ಜಿ. ಅಂಗಡಿಯಲ್ಲಿ ಮೊದಲು ಹೇಳಬೇಕಾದ್ದು ಇದನ್ನೇ.

ಯಾಕೆ ಅಂದ್ರೆ, ಕ್ರಾಸ್ ಕಂಟ್ರಿಯ (ಹಿಮದ ಬಯಲು, ಏರಿಳಿತದಲ್ಲಿ ಕಾಲಿಂದ ಒದ್ದು ಸಾಗೋದು) ಕ್ಲಾಸಿಕ್ ಸ್ಕೀ, ಅಂದ್ರೆ ಕಾಲನ್ನ ನೇರ ಮುಂದಕ್ಕೆ ಹಾಕಿ ಜಾರೋ ಶೈಲಿಯದು, ನೆಲಕ್ಕಿಟ್ಟರೆ ನಡುಭಾಗ ಬಿಲ್ಲಿನ ಹಾಗೆ ಎದ್ದಿರುತ್ತೆ. ಎರಡೂ ಕಾಲಿಗೆ ಸಮ ಭಾರ ಬಿಟ್ಟು ಜಾರುವಾಗ ಆ ಭಾಗ ಹಿಮವನ್ನ ಒತ್ತಬಾರದು. ಒಂದೇ ಕಾಲಿನ ಮೇಲೆ ಪೂರ್ತಿ ಭಾರ ಹಾಕಿ ಒದ್ದಾಗ ಮಾತ್ರ ಅದು ತಗ್ಗಿ, ಅಡಿಗೆ ಬಳಿದ ವ್ಯಾಕ್ಸೋ ಅಂಟಿಸಿದ ಮೊಹೇರ್ (ಆಡಿನ ಕೂದಲು) ಪಟ್ಟಿಯೋ ಹಿಮವನ್ನ ಕಚ್ಚಿ ಹಿಡೀಬೇಕು. ಭಾರದವರಿಗೆ ಮಾಡಿದ ಬಿರುಸು ಸ್ಕೀ ಹಗುರ ಹೆಂಗಸಿನ ಕಾಲಡಿ ತಗ್ಗೋದೇ ಇಲ್ಲ. ಏರಿನಲ್ಲಿ ಹಿಂದಕ್ಕೆ ಜಾರ್ತಾಳೆ, ನೋಡಿದವರು "ಇವಳಿಗೆ ಬರಲ್ಲ" ಅಂತಾರೆ. ಹೆಂಗಸರ ಮಾಡೆಲ್ಲುಗಳನ್ನ ಸಾಮಾನ್ಯವಾಗಿ ಮೆದುವಾಗಿ ಮಾಡೋದು ಇದಕ್ಕೇ. ಆದ್ರೆ ಕೆಲವಕ್ಕೆ ಬಣ್ಣ ಬಿಟ್ಟರೆ ಬೇರೇನೂ ಬದಲಾಗಿರಲ್ಲ. 75 ಕೆ.ಜಿ. ತೂಗೋ ಹೆಂಗಸಿಗೆ ಆ ಮೆದು ಸ್ಕೀ ಜಾರದೆ ಎಳೆದಾಡುತ್ತೆ.

ಪರೀಕ್ಷೆ ಸುಲಭ. ಸಮತಟ್ಟು ನೆಲದಲ್ಲಿ ಜೊತೆ ಸ್ಕೀ ಮೇಲೆ ನಿಂತರೆ, ಪಾದದ ನೇರಕ್ಕೆ ಸ್ಕೀ ಅಡಿಯಲ್ಲಿ ತೂರಿಸಿದ ಕಾಗದ ಸಲೀಸಾಗಿ ಹಿಂದೆ ಮುಂದೆ ಓಡಬೇಕು. ಒಂದೇ ಕಾಲಿಗೆ ಭಾರ ಹಾಕಿದಾಗ ಸಿಕ್ಕಿಕೊಳ್ಳಬೇಕು. ನನಗೆ ಅಂಗಡಿಯವನು ಎತ್ತರ ನೋಡಿ ಕೊಟ್ಟ ಮೊದಲ ಜೊತೆಯಲ್ಲಿ ಕಾಗದ ಸಿಕ್ಕಿಕೊಳ್ಳಲೇ ಇಲ್ಲ. ಬೇರೆ ಜೊತೆ ತರಿಸಿದೆ.

ಬೂಟಿನಲ್ಲಿ ಮಾತ್ರ ನಾನು ಹೆಂಗಸರ ಅಚ್ಚಿನದನ್ನೇ ಹೇಳೋದು. ಹಿಮ್ಮಡಿ ಕಿರಿದಾಗಿರುತ್ತೆ, ಮೀನಖಂಡ ಶುರುವಾಗೋ ಕಡೆ ಕಾಲರು ಒತ್ತೋದಿಲ್ಲ. ಸಡಿಲ ಹಿಮ್ಮಡಿಯಲ್ಲಿ ಒಂದು ಗಂಟೆ ಹೋದರೆ ಬೊಬ್ಬೆ ಗ್ಯಾರಂಟಿ. ಹಾಗಂತ ಬಿಗಿ ಮಾಡಿದರೆ ಬೆರಳು ಮರಗಟ್ಟುತ್ತೆ, ಉಣ್ಣೆ ಸಾಕ್ಸ್ ಹಾಕ್ಕೊಂಡೇ ಅಳತೆ ನೋಡಬೇಕು.

ಕೈಯಲ್ಲಿ ಹಿಡಿದು ಊರೋ ಕೋಲಿಗೆ ಗಂಡು ಹೆಣ್ಣು ಇಲ್ಲ. ಕ್ಲಾಸಿಕ್ ರೇಸಿನ ನಿಯಮದಲ್ಲಿ ಕೋಲಿನ ಉದ್ದ ಬೂಟು ಹಾಕಿದ ಎತ್ತರದ 83 ಶೇಕಡಾ ದಾಟಬಾರದು. ಕಲಿಯೋರಿಗೂ ಹೆಚ್ಚುಕಮ್ಮಿ ಅಷ್ಟೇ ಸಾಕು. ಹಿಡಿ ಸಣ್ಣದಿದ್ದರೆ ಚಿಕ್ಕ ಕೈಗೆ ಆರಾಮ.

ಅಂದ ಹಾಗೆ, ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ ಕ್ರಾಸ್ ಕಂಟ್ರಿ ಸ್ಪರ್ಧೆ ಮೊದಲು ಇಟ್ಟಿದ್ದು 1952ರಲ್ಲಿ, ಇದೇ ಓಸ್ಲೋದಲ್ಲಿ, 10 ಕಿಲೋಮೀಟರು. ಗಂಡಸರು 1924ರಿಂದಲೇ ಓಡ್ತಿದ್ದರು.

ಹೊರಡೋವರೆಗೆ ನನ್ನ ಹಳೇ ಕೋಲು ಹಿಡಿದು ಸೀತಾಳಯ್ಯನಗಿರಿಯಿಂದ ಮುಳ್ಳಯ್ಯನಗಿರಿಗೆ ಹತ್ತು ಅಂದಿದ್ದೀನಿ. ತೋಳಿಗೆ ಅಭ್ಯಾಸ ಆಗಲಿ. ಮೊದಲ ಚಳಿಗಾಲ ಬಾಡಿಗೆ ಸ್ಕೀ ಸಾಕು, ದುಡ್ಡು ಹಾಕೋದಾದರೆ ಬೂಟಿಗೆ ಹಾಕಲಿ.