ರೋಮ್–ಕಾರ್ತೇಜ್ ಯುದ್ಧಗಳ ಪಾಠವನ್ನು ನಾನು ಕಟ್ಟಿಕೊಂಡ ಬಗೆ

ಪದವಿ ತರಗತಿಗಳಿಗೆ ಪ್ರಾಚೀನ ಜಗತ್ತಿನ ಇತಿಹಾಸವನ್ನು ಕನ್ನಡ ಮಾಧ್ಯಮದಲ್ಲಿ ಬೋಧಿಸುವ ನಾನು, ರೋಮ್ ಮತ್ತು ಉತ್ತರ ಆಫ್ರಿಕಾದ ಕಾರ್ತೇಜ್ ನಗರದ ನಡುವಿನ ಮೂರು ಪ್ಯೂನಿಕ್ ಯುದ್ಧಗಳ (ಪ್ಯೂನಿಕ್ ಎಂದರೆ ಕಾರ್ತೇಜ್‌ಗೆ ಸೇರಿದ) ಪಾಠವನ್ನು ಮೂಲ ಆಕರಗಳಿಂದಲೇ ಕಟ್ಟಿಕೊಂಡು ಹೇಳುತ್ತ ಬಂದಿದ್ದೇನೆ. ಪಠ್ಯಪುಸ್ತಕದ ಸಾರಾಂಶದಲ್ಲಿ ಈ ಕಥೆ ಅರ್ಧ ಪುಟಕ್ಕೆ ಮುಗಿಯುತ್ತದೆ. ಕ್ರಿ.ಪೂ. 264ರಿಂದ 241ರವರೆಗೆ ಸಿಸಿಲಿಗಾಗಿ ಮೊದಲ ಯುದ್ಧ, 218ರಿಂದ 201ರವರೆಗೆ ಕಾರ್ತೇಜ್‌ನ ಸೇನಾಪತಿ ಹ್ಯಾನಿಬಲ್‌ನ ಯುದ್ಧ, 149ರಿಂದ 146ರವರೆಗೆ ಕಾರ್ತೇಜ್‌ನ ನಾಶ. ಇಷ್ಟನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿ ಪರೀಕ್ಷೆಯಲ್ಲಿ ಪಾಸಾಗುತ್ತಾನೆ. ಆದರೆ ಈ ಸಂಗತಿಗಳು ನಮಗೆ ಯಾರ ಮೂಲಕ ತಿಳಿದವು, ಅವರಿಗೆ ಹೇಗೆ ತಿಳಿದವು, ಅವರು ಕೊಡುವ ಅಂಕಿಗಳು ಒಂದಕ್ಕೊಂದು ಹೊಂದುತ್ತವೆಯೇ ಎಂಬ ಪ್ರಶ್ನೆಗಳು ಅವನ ಹತ್ತಿರವೂ ಸುಳಿಯುವುದಿಲ್ಲ. ಈ ಮೂರು ಪ್ರಶ್ನೆಗಳ ಮೇಲೆಯೇ ನನ್ನ ಪಾಠ ನಿಂತಿದೆ. ಗ್ರೀಕ್ ಮತ್ತು ಲ್ಯಾಟಿನ್ ನನಗೆ ಬಾರದ ಕಾರಣ ಇಂಗ್ಲಿಷ್ ಅನುವಾದಗಳನ್ನೇ ಆಶ್ರಯಿಸಿದ್ದೇನೆ. ಆದರೆ ಅಂಕಿ ಅಥವಾ ಕರಾರು ಬರುವ ಕಡೆಯಲ್ಲೆಲ್ಲ ಎರಡು ಬೇರೆ ಅನುವಾದಗಳನ್ನು ತಾಳೆ ನೋಡದೆ ಮುಂದೆ ಹೋಗುವುದಿಲ್ಲ.

ಕೆಲಸ ಶುರುವಾಗುವುದು ಯುದ್ಧದಿಂದಲ್ಲ, ಬರೆದವರಿಂದ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಲೇಖಕನಿಗೂ ಒಂದು ಪುಟ ಬಿಟ್ಟು, ಆತ ಎಲ್ಲಿಯವನು, ಘಟನೆ ನಡೆದು ಎಷ್ಟು ಕಾಲದ ಮೇಲೆ ಬರೆದ, ಯಾರ ಅನ್ನ ತಿಂದ ಎಂಬುದನ್ನು ಮೊದಲು ಬರೆದುಕೊಂಡೆ. ಈ ಸಾಲಿನಲ್ಲಿ ಮೊದಲು ನಿಲ್ಲುವವನು ಪಾಲಿಬಿಯಸ್. ಗ್ರೀಸಿನ ಮೆಗಲೊಪೊಲಿಸ್ ನಗರದ ಈತನನ್ನು ಕ್ರಿ.ಪೂ. 167ರಲ್ಲಿ ಸುಮಾರು 1,000 ಮಂದಿ ಒತ್ತೆಯಾಳುಗಳ ಜೊತೆಗೆ ರೋಮಿಗೆ ಒಯ್ಯಲಾಯಿತು. ಅಲ್ಲಿ, ಮುಂದೆ ಕಾರ್ತೇಜನ್ನು ನಾಶಮಾಡಿದ ಸಿಪಿಯೊ ಎಮಿಲಿಯಾನಸ್‌ನ ಆಪ್ತನಾಗಿ, 146ರಲ್ಲಿ ಕಾರ್ತೇಜ್ ಉರಿಯುವಾಗ ಅದೇ ಸಿಪಿಯೊನ ಪಕ್ಕದಲ್ಲಿ ಇದ್ದವನು ಈತ. ಮೊದಲ ಯುದ್ಧಕ್ಕೆ ಅವನ ಆಧಾರಗಳು ಎರಡು, ರೋಮಿನ ಫೇಬಿಯಸ್ ಪಿಕ್ಟರ್ ಮತ್ತು ಕಾರ್ತೇಜ್ ಪರವಾಗಿ ಬರೆದ ಸಿಸಿಲಿಯ ಫಿಲಿನಸ್. ಇಬ್ಬರೂ ಬೇಕೆಂದು ಸುಳ್ಳು ಹೇಳುವವರಲ್ಲ, ಆದರೆ ಪ್ರೇಮದಲ್ಲಿ ಬಿದ್ದವರಂತೆ ತಮ್ಮ ಪಕ್ಷದ ತಪ್ಪನ್ನು ಕಾಣಲಾರರು ಎಂದು ಪಾಲಿಬಿಯಸ್ ಹೇಳುತ್ತಾನೆ. ಈ ಮಾತನ್ನು ನಾನು ಅವನಿಗೂ ಅನ್ವಯಿಸಿಕೊಂಡೇ ಓದುತ್ತೇನೆ, ಏಕೆಂದರೆ ಸಿಪಿಯೊಗಳ ಮನೆತನದ ವಿಷಯ ಬಂದಾಗ ಅವನ ಧ್ವನಿ ಮೆದುವಾಗುತ್ತದೆ. ಹ್ಯಾನಿಬಲ್‌ನ ಯುದ್ಧದ ಬಗ್ಗೆ ಹತ್ತು ಸಂಪುಟ ಬರೆದ ರೋಮಿನ ಲಿವಿ ಅದು ಮುಗಿದ ಸುಮಾರು ಇನ್ನೂರು ವರ್ಷಗಳ ನಂತರದವನು. ಮೂರನೆಯ ಯುದ್ಧವನ್ನು ವಿಸ್ತಾರವಾಗಿ ಹೇಳುವ ಅಲೆಗ್ಸಾಂಡ್ರಿಯಾದ ಅಪ್ಪಿಯಾನ್ ಕ್ರಿ.ಶ. ಎರಡನೆಯ ಶತಮಾನದವನು.

ಕಾರ್ತೇಜ್‌ನವರು ತಮ್ಮ ಯುದ್ಧಗಳ ಬಗ್ಗೆ ತಾವೇ ಬರೆದ ಚರಿತ್ರೆ ಒಂದೂ ಉಳಿದಿಲ್ಲ. ಹ್ಯಾನಿಬಲ್‌ನ ಜೊತೆಗೇ ಇದ್ದು ಬರೆದ ಸೊಸಿಲಸ್ ಮತ್ತು ಸೈಲೀನಸ್ ಕೂಡ ಗ್ರೀಕರೇ, ಅವರ ಬರಹಗಳೂ ಚೂರುಗಳಾಗಿ ಮಾತ್ರ ಸಿಗುತ್ತವೆ. ಈ ಕೊರತೆ ಎಷ್ಟು ದೊಡ್ಡದೆಂದು ನನ್ನ ವಿದ್ಯಾರ್ಥಿಗಳಿಗೆ ತಿಳಿಸಲು ಬಾದಾಮಿಯನ್ನು ನೆನಪಿಸುತ್ತೇನೆ. ಪಲ್ಲವರ ಒಡೆಯನನ್ನು ಕಂಚಿಯ ಕೋಟೆಯ ಹಿಂದೆ ಅಡಗಿಸಿದೆನೆಂದು ಇಮ್ಮಡಿ ಪುಲಕೇಶಿಯ ಪರವಾಗಿ 634ರ ಐಹೊಳೆ ಶಾಸನ ಹೇಳಿದರೆ, ಪಲ್ಲವ ನರಸಿಂಹವರ್ಮನ ವಿಜಯವನ್ನು ಹೇಳುವ ಶಾಸನ ಬಾದಾಮಿಯಲ್ಲೇ ಇದೆ. ಅದಕ್ಕೆ ಉತ್ತರವೆಂಬಂತೆ ಇಮ್ಮಡಿ ವಿಕ್ರಮಾದಿತ್ಯನ ಕನ್ನಡ ಶಾಸನ ಕಂಚಿಯ ಕೈಲಾಸನಾಥ ದೇವಾಲಯದಲ್ಲಿದೆ. ಎರಡೂ ಪಕ್ಷದವರು ಕಲ್ಲಿನ ಮೇಲೆ ಮಾತಾಡಿದ್ದಾರೆ, ನಾವು ತಾಳೆ ನೋಡಬಹುದು. ಕಾರ್ತೇಜ್‌ನ ವಿಷಯದಲ್ಲಿ ಆ ಅನುಕೂಲವಿಲ್ಲ. ಹಾಗಾಗಿ ಎರಡನೆಯ ಸಾಕ್ಷಿಯನ್ನು ಬೇರೆಲ್ಲಾದರೂ, ಅಂಕಿಗಳ ಒಳಗೆ ಅಥವಾ ಸಮುದ್ರದ ತಳದಲ್ಲಿ, ಹುಡುಕಬೇಕಾಗುತ್ತದೆ.

ಸಮುದ್ರದ ತಳ ಎಂದದ್ದು ಅಲಂಕಾರಕ್ಕಲ್ಲ. ಮೊದಲ ಯುದ್ಧ ಬಹುಪಾಲು ನೌಕಾಯುದ್ಧ. ದೊಡ್ಡ ಯುದ್ಧನೌಕೆಗಳ ಅನುಭವವೇ ಇಲ್ಲದ ರೋಮ್, ದಡಕ್ಕೆ ಬಂದು ಸಿಕ್ಕಿಕೊಂಡ ಕಾರ್ತೇಜ್‌ನ ಒಂದು ಹಡಗನ್ನು ಮಾದರಿಯಾಗಿಟ್ಟುಕೊಂಡು 100 ಕ್ವಿಂಕ್ವೆರಿಮ್‌ಗಳನ್ನೂ (ಹುಟ್ಟು ಹಾಕಿ ನಡೆಸುವ ದೊಡ್ಡ ಯುದ್ಧನೌಕೆ) 20 ಟ್ರೈರಿಮ್‌ಗಳನ್ನೂ (ಅದಕ್ಕಿಂತ ಚಿಕ್ಕದು) ಕಟ್ಟಿತು ಎಂದು ಪಾಲಿಬಿಯಸ್ ಬರೆಯುತ್ತಾನೆ. ಹಡಗು ಸಿದ್ಧವಾಗುವ ಹೊತ್ತಿಗೆ ಹುಟ್ಟು ಹಾಕುವವರನ್ನು ನೆಲದ ಮೇಲೆಯೇ ಬೆಂಚುಗಳಲ್ಲಿ ಸಾಲಾಗಿ ಕೂರಿಸಿ, ಒಬ್ಬನ ಕೂಗಿಗೆ ಎಲ್ಲರೂ ಒಟ್ಟಿಗೆ ಬಾಗಿ ಏಳುವ ಅಭ್ಯಾಸ ಮಾಡಿಸಿದರಂತೆ. ಇಷ್ಟು ಬೇಗ ಇಷ್ಟು ಹಡಗು ಕಟ್ಟಲು ಸಾಧ್ಯವೇ ಎಂಬ ಸಂದೇಹಕ್ಕೆ ಸಿಸಿಲಿಯ ಮಾರ್ಸಾಲಾ ಬಳಿ 1970ರ ದಶಕದಲ್ಲಿ ಹಾನರ್ ಫ್ರಾಸ್ಟ್ ಅವರ ನೇತೃತ್ವದಲ್ಲಿ ಎತ್ತಿದ ಪ್ಯೂನಿಕ್ ಹಡಗಿನ ಅವಶೇಷ ಸ್ವಲ್ಪ ಉತ್ತರ ಕೊಡುತ್ತದೆ. ಅದರ ಮರದ ಭಾಗಗಳ ಮೇಲೆ ಬಡಗಿಗಳು ಬರೆದ ಅಕ್ಷರಗಳಿವೆ. ಯಾವ ತುಂಡು ಯಾವುದಕ್ಕೆ ಕೂಡಬೇಕು ಎಂದು ತೋರಿಸುವ ಗುರುತುಗಳು ಅವು. ಹೀಗೆ ಗುರುತು ಹಾಕಿದ ಹಡಗು ಶತ್ರುವಿನ ಕೈಗೆ ಸಿಕ್ಕರೆ, ಅದನ್ನು ಬಿಚ್ಚಿ ನೋಡಿ ನಕಲು ಮಾಡುವುದು ಸುಲಭವಾಗಿದ್ದಿರಬೇಕು ಎಂಬುದು ನನಗೆ ಒಪ್ಪಿಗೆಯಾಗುವ ಮಾತು.

ಇದಕ್ಕಿಂತ ಹೆಚ್ಚು ಹೊತ್ತು ನಾನು ನಿಲ್ಲುವುದು ಸಿಸಿಲಿಯ ಪಶ್ಚಿಮದ ಈಗಾಡಿ ದ್ವೀಪಗಳ ಬಳಿ. ಕ್ರಿ.ಪೂ. 241ರ ಮಾರ್ಚ್ 10ರಂದು ರೋಮಿನ ಗಾಯಸ್ ಲುಟೇಷಿಯಸ್ ಕಾಟುಲಸ್‌ನ ನೌಕಾಪಡೆ ಇಲ್ಲಿ ಗೆದ್ದು ಮೊದಲ ಯುದ್ಧವನ್ನು ಮುಗಿಸಿತು. ಸಿಸಿಲಿಯ ಸಮುದ್ರ ಪುರಾತತ್ವ ಇಲಾಖೆಯ ಸೆಬಾಸ್ಟಿಯಾನೊ ತೂಸಾ ಅವರ ಮುಂದಾಳ್ತನದಲ್ಲಿ ಲೆವಾಂಜೊ ದ್ವೀಪದ ಸಮೀಪ ನಡೆದ ಶೋಧದಲ್ಲಿ, ಹಡಗಿನ ಮುಂತುದಿಗೆ ತೊಡಿಸಿ ಶತ್ರುನೌಕೆಗೆ ಇರಿಯಲು ಬಳಸುತ್ತಿದ್ದ ಕಂಚಿನ ಮೂತಿಗಳು ಇಪ್ಪತ್ತಕ್ಕೂ ಹೆಚ್ಚು ಸಿಕ್ಕಿವೆ. ಹಲವು ಮೂತಿಗಳ ಮೇಲೆ, ಇದನ್ನು ಪರೀಕ್ಷಿಸಿ ಒಪ್ಪಿದವರು ಇಂಥ ಅಧಿಕಾರಿಗಳು ಎಂದು ಲ್ಯಾಟಿನ್‌ನಲ್ಲಿ ಹೆಸರು ಸಹಿತ ಅಚ್ಚಾಗಿದೆ. ಒಂದರ ಮೇಲೆ ಮಾತ್ರ ಪ್ಯೂನಿಕ್ ಲಿಪಿ ಇದ್ದು, ಅದನ್ನು ವಿದ್ವಾಂಸರು ಬಾಲ್ ದೇವನಿಗೆ ಮಾಡಿದ ಪ್ರಾರ್ಥನೆಯೆಂದು ಓದಿದ್ದಾರೆ. ಈ ಎರಡರ ಚಿತ್ರಗಳನ್ನೂ ಒಟ್ಟಿಗೆ ತೋರಿಸುವುದು ನನ್ನ ಪಾಠದ ಒಂದು ಮುಖ್ಯ ಘಟ್ಟ.

ಇಲ್ಲಿ ಒಂದು ಒಗಟೂ ಇದೆ. ಗೆದ್ದವರು ರೋಮನ್ನರಾದರೂ ತಳದಲ್ಲಿ ಸಿಕ್ಕ ಮೂತಿಗಳಲ್ಲಿ ಹೆಚ್ಚಿನವು ರೋಮನ್ನರವೇ. ಪಾಲಿಬಿಯಸ್‌ನ ಪುಟಗಳನ್ನು ಹಿಂದಕ್ಕೆ ತಿರುವಿದರೆ, 249ರಲ್ಲಿ ಡ್ರೆಪಾನಾ ಬಳಿ ಕಾರ್ತೇಜ್ 93 ರೋಮನ್ ಹಡಗುಗಳನ್ನು ಸೆರೆಹಿಡಿದ ಸಂಗತಿ ಸಿಗುತ್ತದೆ. ಆ ಹಡಗುಗಳನ್ನೇ ಕಾರ್ತೇಜ್ ದುಡಿಸಿಕೊಂಡಿದ್ದರೆ ಒಗಟು ಬಿಡುತ್ತದೆ. ಆದರೆ ಅದೇ ಮೂತಿಗಳ ಅಳತೆ ಪಾಲಿಬಿಯಸ್‌ಗೆ ವಿರುದ್ಧವಾಗಿಯೂ ಸಾಕ್ಷಿ ಹೇಳುತ್ತದೆ. ಅವನು ಎಲ್ಲೆಡೆ ಕ್ವಿಂಕ್ವೆರಿಮ್ ಎಂದು ಬರೆದರೆ, ಸಿಕ್ಕ ಮೂತಿಗಳಲ್ಲಿ ಹೆಚ್ಚಿನವು ಅದಕ್ಕಿಂತ ಚಿಕ್ಕ ನೌಕೆಗಳಿಗೆ ಹೊಂದುವಂಥವು. 256ರ ಎಕ್ನೋಮಸ್ ಕಾಳಗದಲ್ಲಿ 330 ರೋಮನ್ ಹಡಗುಗಳಲ್ಲಿ ಸುಮಾರು 1,40,000 ಜನರಿದ್ದರೆಂಬ ಅವನ ಲೆಕ್ಕ, ಹಡಗಿಗೆ 300 ಹುಟ್ಟಾಳು ಮತ್ತು 120 ಸೈನಿಕರೆಂದು ಗುಣಿಸಿ ಪಡೆದದ್ದು. ಹಡಗು ಚಿಕ್ಕದಾದರೆ ಆ ಗುಣಾಕಾರವೇ ಕುಸಿಯುತ್ತದೆ. ಈ ಒಂದು ಲೆಕ್ಕವನ್ನು ವಿದ್ಯಾರ್ಥಿಗಳೇ ಕೈಯಾರೆ ಮಾಡಿದಾಗ ತರಗತಿಯಲ್ಲಿ ಏಳುವ ಚರ್ಚೆಯನ್ನು ಯಾವ ಉಪನ್ಯಾಸವೂ ಎಬ್ಬಿಸಲಾರದು.

ಯುದ್ಧಾನಂತರದ ಕರಾರುಗಳನ್ನು ಬೇಗ ದಾಟಿಸುತ್ತೇನೆ, ಒಂದನ್ನು ಬಿಟ್ಟು. ಕಾರ್ತೇಜ್ 3,200 ಟ್ಯಾಲೆಂಟ್ ಬೆಳ್ಳಿ ತೆರಬೇಕಾಯಿತು. ಒಂದು ಟ್ಯಾಲೆಂಟ್ ಎಂದರೆ ಸುಮಾರು 26 ಕಿಲೋ. ಸಂಬಳ ಸಿಗದ ಬಾಡಿಗೆ ಸೈನಿಕರು ದಂಗೆಯೆದ್ದು ನಗರವೇ ಉಳಿಯುವುದು ಕಷ್ಟವಾದ ಕಾಲದ ಬೆನ್ನಿಗೆ, ರೋಮ್ ಸಾರ್ಡೀನಿಯಾವನ್ನು ಕಸಿದುಕೊಂಡು ಇನ್ನೂ 1,200 ಟ್ಯಾಲೆಂಟ್ ಹೇರಿತು. ಎರಡನೆಯ ಯುದ್ಧಕ್ಕೆ ಇದೇ ದೊಡ್ಡ ಕಾರಣವೆಂದು ಪಾಲಿಬಿಯಸ್ ಬರೆದಿದ್ದಾನೆ. ರೋಮಿನ ಆಪ್ತನೊಬ್ಬ ರೋಮಿನ ವಿರುದ್ಧ ಬರೆದ ಮಾತಾದ್ದರಿಂದ ಅದಕ್ಕೆ ನಾನು ಹೆಚ್ಚು ತೂಕ ಕೊಡುತ್ತೇನೆ.

ಹ್ಯಾನಿಬಲ್‌ನ ಆಲ್ಪ್ಸ್ ಯಾತ್ರೆಯನ್ನು ಎಲ್ಲರೂ ಆನೆಗಳಿಂದ ಶುರುಮಾಡುತ್ತಾರೆ. ನಾನು ಕಳೆಯುವ ಲೆಕ್ಕದಿಂದ ಶುರುಮಾಡುತ್ತೇನೆ. ಸ್ಪೇನಿನ ನವ ಕಾರ್ತೇಜ್‌ನಿಂದ ಹೊರಟಾಗ 90,000 ಪದಾತಿ, 12,000 ಕುದುರೆ ಸವಾರರು. ಪಿರನೀಸ್ ದಾಟುವಾಗ 50,000 ಮತ್ತು 9,000. ರೋನ್ ನದಿ ದಾಟಿದಾಗ 38,000 ಮತ್ತು 8,000ಕ್ಕೂ ಮೇಲೆ. ಇಟಲಿಗೆ ಇಳಿದಾಗ 20,000 ಮತ್ತು 6,000. ಇಷ್ಟನ್ನು ಕಪ್ಪುಹಲಗೆಯ ಮೇಲೆ ಒಂದರ ಕೆಳಗೊಂದು ಬರೆದು, ನಡುವೆ ಬಿಟ್ಟುಹೋದವರನ್ನು ಕಳೆಯಲು ಹೇಳುತ್ತೇನೆ. ಸ್ಪೇನಿನ ಕಾವಲಿಗೆ ಹ್ಯಾನೊ ಎಂಬವನ ಕೈಗೆ 10,000 ಪದಾತಿಗಳನ್ನು ಒಪ್ಪಿಸಿ, ಅಷ್ಟೇ ಜನರನ್ನು ಮನೆಗೆ ಕಳಿಸಿದ್ದನ್ನು ಲೆಕ್ಕಕ್ಕೆ ತೆಗೆದುಕೊಂಡರೂ 20,000 ಮಂದಿ ಉತ್ತರ ಸ್ಪೇನಿನಲ್ಲಿಯೇ ಕರಗಬೇಕು. ಪಿರನೀಸಿನಿಂದ ರೋನ್‌ವರೆಗೆ ದೊಡ್ಡ ಕಾಳಗವೊಂದೂ ಇಲ್ಲದೆ ಇನ್ನೂ 12,000 ಮಂದಿ ಕಾಣೆಯಾಗಬೇಕು. ಹೊರಟಾಗಿನ ಅಂಕಿಯನ್ನು ಯಾರೋ ಉಬ್ಬಿಸಿದ್ದಾರೆ ಎಂದು ಅನುಮಾನಿಸುವ ವಿದ್ವಾಂಸರ ಕಡೆಗೇ ನನ್ನ ಒಲವು.

ಕೊನೆಯ ಅಂಕಿ ಮಾತ್ರ ಬೇರೆ ಜಾತಿಯದು. ದಕ್ಷಿಣ ಇಟಲಿಯ ಕ್ರೋಟೋನ್ ಬಳಿಯ ಲ್ಯಾಕೀನಿಯನ್ ಭೂಶಿರದಲ್ಲಿ ಹ್ಯಾನಿಬಲ್ ತಾನೇ ಬರೆಸಿ ನಿಲ್ಲಿಸಿದ ಕಂಚಿನ ಫಲಕವನ್ನು ತಾನು ಕಣ್ಣಾರೆ ಕಂಡೆನೆಂದು ಪಾಲಿಬಿಯಸ್ ಹೇಳುತ್ತಾನೆ. 12,000 ಆಫ್ರಿಕನ್ ಪದಾತಿ, 8,000 ಐಬೀರಿಯನ್ ಪದಾತಿ, 6,000 ಸವಾರರು ಎಂಬುದು ಅಲ್ಲಿಂದ ಬಂದದ್ದು. ಫಲಕ ಇಂದಿಲ್ಲ. ಆದರೂ ಈ ಯುದ್ಧದ ಬಗ್ಗೆ ಕಾರ್ತೇಜ್‌ನ ಸೇನಾಪತಿಯ ಸ್ವಂತ ಮಾತಿಗೆ ನಾವು ಇಷ್ಟು ಹತ್ತಿರ ಹೋಗುವ ಜಾಗ ಬೇರೆ ಇಲ್ಲವೆಂದೇ ನನ್ನ ಭಾವನೆ, ಅದಕ್ಕಾಗಿ ಆ ಸಾಲನ್ನು ತರಗತಿಯಲ್ಲಿ ನಿಧಾನವಾಗಿ ಎರಡು ಸಲ ಓದುತ್ತೇನೆ. ವಿನೆಗರ್ ಸುರಿದು ಬಂಡೆ ಒಡೆದ ಪ್ರಸಿದ್ಧ ಕಥೆ ಲಿವಿಯಲ್ಲಿದೆ, ಪಾಲಿಬಿಯಸ್‌ನಲ್ಲಿಲ್ಲ. ಅದನ್ನು ಹಾಗೆಂದೇ ಹೇಳಿ ಮುಂದಕ್ಕೆ ಹೋಗುತ್ತೇನೆ.

ಕ್ರಿ.ಪೂ. 216ರ ಆಗಸ್ಟ್ 2ರಂದು ಇಟಲಿಯಲ್ಲಿ ಹ್ಯಾನಿಬಲ್ ಗೆದ್ದ ಕ್ಯಾನೆ ಕಾಳಗಕ್ಕೂ ಇದೇ ಕ್ರಮ. ರೋಮನ್ ಪಡೆಯಲ್ಲಿ 80,000 ಪದಾತಿ ಇದ್ದರೆಂದು ಹೇಳುವ ಪಾಲಿಬಿಯಸ್, ಪದಾತಿಗಳಲ್ಲಿ 10,000 ಸೆರೆ, 3,000 ಪಾರು, ಸುಮಾರು 70,000 ಸಾವು ಎಂದು ಕೊಡುತ್ತಾನೆ. ಕೂಡಿಸಿದರೆ ಇದ್ದವರಿಗಿಂತ 3,000 ಹೆಚ್ಚಾಗುತ್ತದೆ. ಲಿವಿಯ ಪ್ರಕಾರ ಸತ್ತವರು 45,500 ಪದಾತಿ ಮತ್ತು 2,700 ಸವಾರರು. ಇಬ್ಬರಲ್ಲಿ ಯಾರನ್ನು ನಂಬಬೇಕು ಎಂಬುದಕ್ಕೆ ಮುಂದಿನ ಘಟನೆಗಳೇ ದಾರಿ ತೋರಿಸುತ್ತವೆ. ಕ್ಯಾನೆಯಲ್ಲಿ ಬದುಕುಳಿದವರನ್ನು ಎರಡು ಲೀಜನ್‌ಗಳಾಗಿ (ತಲಾ ನಾಲ್ಕೈದು ಸಾವಿರ ಸೈನಿಕರ ರೋಮನ್ ಪಡೆ) ಕೂಡಿಸಿ, ಶಿಕ್ಷೆಯಾಗಿ ಸಿಸಿಲಿಗೆ ಕಳಿಸಲಾಯಿತು. ಮುಂದೆ ಹಿರಿಯ ಸಿಪಿಯೊ (ಸಿಪಿಯೊ ಆಫ್ರಿಕಾನಸ್, ಎಮಿಲಿಯಾನಸ್ ಅಲ್ಲ) ಆಫ್ರಿಕಾಕ್ಕೆ ಹೊರಟಾಗ ಅವರನ್ನೂ ಕರೆದೊಯ್ದ. ಸೆರೆಯಾಳುಗಳನ್ನು ಹಣ ಕೊಟ್ಟು ಬಿಡಿಸಿಕೊಳ್ಳಲು ಸೆನೆಟ್ ನಿರಾಕರಿಸಿತ್ತು. 3,000 ಮಂದಿಯಿಂದ ಎರಡು ಲೀಜನ್ ಆಗುವುದಿಲ್ಲ. ಸಾಮಾನ್ಯವಾಗಿ ಹೆಚ್ಚು ನಂಬಿಕೆಗೆ ಅರ್ಹನಾದ ಪಾಲಿಬಿಯಸ್‌ನನ್ನು ಬಿಟ್ಟು ಇಲ್ಲಿ ಲಿವಿಯನ್ನು ಹಿಡಿಯುವುದಕ್ಕೆ ನನ್ನ ಕಾರಣ ಇದು.

ಇಷ್ಟಾಗಿಯೂ ರೋಮ್ ಏಕೆ ಬೀಳಲಿಲ್ಲ ಎಂಬ ಪ್ರಶ್ನೆ ಪ್ರತಿ ತಂಡದಿಂದಲೂ ಬರುತ್ತದೆ. ಅದಕ್ಕೂ ಪಾಲಿಬಿಯಸ್‌ನ ಪುಟವೊಂದನ್ನೇ ಮುಂದಿಡುತ್ತೇನೆ: ಕ್ರಿ.ಪೂ. 225ರ ಎಣಿಕೆಯಂತೆ ರೋಮ್ ಮತ್ತು ಅದರ ಮಿತ್ರರ ಕೈಯಲ್ಲಿ ಆಯುಧ ಹಿಡಿಯಬಲ್ಲ 7,00,000ಕ್ಕೂ ಹೆಚ್ಚು ಪದಾತಿ, ಸುಮಾರು 70,000 ಸವಾರರು. ಕಾಪುವಾದಂಥ ದೊಡ್ಡ ನಗರ ಹ್ಯಾನಿಬಲ್ ಕಡೆಗೆ ಹೋದರೂ ಲ್ಯಾಟಿನ್ ವಸಾಹತುಗಳು ಅವನಿಗೆ ಬಾಗಿಲು ತೆರೆಯಲಿಲ್ಲ. ಗೆದ್ದ ಕಾಳಗಗಳಿಂದ ಅವನು ಆ ಸಂಖ್ಯೆಯನ್ನು ಕರಗಿಸಲಾರದೆ ಹೋದ.

202ರಲ್ಲಿ ಆಫ್ರಿಕಾದ ಜಾಮಾದಲ್ಲಿ ಹ್ಯಾನಿಬಲ್‌ನ ಸೋಲು, ಮರುವರ್ಷದ ಒಪ್ಪಂದ. 50 ವರ್ಷಗಳಲ್ಲಿ 10,000 ಟ್ಯಾಲೆಂಟ್, ಹತ್ತು ಯುದ್ಧನೌಕೆಗಳನ್ನು ಬಿಟ್ಟು ಉಳಿದೆಲ್ಲವೂ ಶರಣು, ರೋಮಿನ ಅಪ್ಪಣೆಯಿಲ್ಲದೆ ಯುದ್ಧ ಕೂಡದು. ವರ್ಷಕ್ಕೆ 200 ಟ್ಯಾಲೆಂಟ್, ಅಂದರೆ ಐದು ಟನ್ನಿಗೂ ಹೆಚ್ಚು ಬೆಳ್ಳಿ. ಉಳಿದದ್ದನ್ನೆಲ್ಲ ಒಂದೇ ಸಲ ಕೊಡುತ್ತೇವೆಂದು ಕಾರ್ತೇಜ್ 191ರಲ್ಲಿಯೇ ಮುಂದೆ ಬಂದಾಗ ರೋಮ್ ಒಲ್ಲೆನೆಂದಿತು. ಈ ಕಂತುಗಳು ಮುಗಿದ ಕೆಲವೇ ವರ್ಷಗಳಲ್ಲಿ ಮೂರನೆಯ ಯುದ್ಧ ಬಂತು. ನೆರೆಯ ನುಮಿಡಿಯಾದ ಅರಸ ಮಾಸಿನಿಸ್ಸನ ಒತ್ತುವರಿಯನ್ನು ಅಪ್ಪಣೆಯಿಲ್ಲದೆ ಎದುರಿಸಿದ್ದೇ ನೆಪವಾಯಿತು. 149ರಲ್ಲಿ ಕಾರ್ತೇಜ್ ಮೊದಲು 300 ಮಕ್ಕಳನ್ನು ಒತ್ತೆಯಿಟ್ಟಿತು, ಆಮೇಲೆ ಆಯುಧಗಳನ್ನೆಲ್ಲ ಒಪ್ಪಿಸಿತು. ಆಮೇಲೆ ಬಂದ ಆಜ್ಞೆ, ನಗರ ಬಿಟ್ಟು ಸಮುದ್ರದಿಂದ 80 ಸ್ಟೇಡಿಯಾ, ಸುಮಾರು 15 ಕಿಲೋಮೀಟರ್, ಒಳನಾಡಿಗೆ ಹೋಗಿ ಎಂಬುದು. ಕಡಲ ವ್ಯಾಪಾರದಿಂದ ಬದುಕಿದ ಊರಿಗೆ ಇದು ಸಾವಿನ ಆಜ್ಞೆ.

ಮುತ್ತಿಗೆಗೆ ಸಿಕ್ಕ ನಗರ ದಿನಕ್ಕೆ ಎಷ್ಟು ಆಯುಧ ತಯಾರಿಸಿತು ಎಂಬುದು ಅಪ್ಪಿಯಾನ್ ಮತ್ತು ಗ್ರೀಕ್ ಭೂಗೋಳಕಾರ ಸ್ಟ್ರಾಬೊ ಇಬ್ಬರಲ್ಲೂ ಇದೆ. ಇಬ್ಬರೂ 300 ಕತ್ತಿ ಎನ್ನುತ್ತಾರೆ. ಗುರಾಣಿ ಒಬ್ಬನಲ್ಲಿ 100, ಇನ್ನೊಬ್ಬನಲ್ಲಿ 140. ಇಷ್ಟು ಹತ್ತಿರದ ಅಂಕಿಗಳು ಒಂದೇ ಹಳೆಯ ಮೂಲದಿಂದ, ಬಹುಶಃ ಮುತ್ತಿಗೆಯನ್ನು ಕಂಡ ಪಾಲಿಬಿಯಸ್‌ನಿಂದಲೇ, ಬಂದಿರಬೇಕೆಂದು ನನ್ನ ಅಂದಾಜು. ನಗರದ ನೆಲಕ್ಕೆ ಉಪ್ಪು ಬಿತ್ತಿದರೆಂಬ ಮಾತು ಮಾತ್ರ ಪ್ರಾಚೀನ ಲೇಖಕರಲ್ಲಿ ಎಲ್ಲಿಯೂ ಇಲ್ಲ. ಆಧುನಿಕ ಕಾಲದಲ್ಲಿ ಸೇರಿಕೊಂಡದ್ದು, ನೋಟ್ಸಿನಿಂದ ಹೊಡೆದುಹಾಕಿಸುತ್ತೇನೆ.

ಪಾಠದ ಕೊನೆಯಲ್ಲಿ ಕಾರ್ತೇಜ್‌ನ ಲೇಖಕ ಮಾಗೋ ಬರುತ್ತಾನೆ. ಕಾರ್ತೇಜ್‌ನ ಗ್ರಂಥ ಭಂಡಾರಗಳನ್ನು ಆಫ್ರಿಕಾದ ಸಣ್ಣ ಅರಸರಿಗೆ ಹಂಚಿದ ಸೆನೆಟ್, ಮಾಗೋ ಬರೆದ ಬೇಸಾಯದ 28 ಸಂಪುಟಗಳನ್ನು ಮಾತ್ರ ಲ್ಯಾಟಿನ್‌ಗೆ ತರಲು ಆಜ್ಞೆ ಮಾಡಿತೆಂದು ಪ್ಲಿನಿ ದಾಖಲಿಸಿದ್ದಾನೆ. ಮೂಲವೂ ಅನುವಾದವೂ ಕಳೆದುಹೋದವು. ವಾರೊ, ಕೊಲುಮೆಲ್ಲ, ಪ್ಲಿನಿ ಎಂಬ ರೋಮನ್ ಲೇಖಕರ ಬರಹಗಳಲ್ಲಿ ಉಲ್ಲೇಖಗಳು ಉಳಿದಿವೆ. ಹೊಲ ಕೊಳ್ಳುವವನು ಪಟ್ಟಣದ ಮನೆಯನ್ನು ಮಾರಿಬಿಡಬೇಕು ಎಂಬುದು ಅವುಗಳಲ್ಲಿ ಒಂದು. ಆ ಉಲ್ಲೇಖಗಳನ್ನು ವಿದ್ಯಾರ್ಥಿಗಳಿಂದ ಹುಡುಕಿಸಿ, ಯಾವುದನ್ನು ಯಾರು ಏನಕ್ಕಾಗಿ ಉಳಿಸಿದರು ಎಂದು ಬರೆಸುವುದು ಈ ಘಟಕದ ಕೊನೆಯ ಅಭ್ಯಾಸ.